ನಮ್ಮ ಕಡಿ ರಗ್ಬಿ ನಾಕೌಟ್ ಕಪ್: ಪದೇ ಪದೇ ಕೇಳೂ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಕಡಿ ಹವ್ಯಾಸಕ್ಕ ರಗ್ಬಿ ಆಡೂ ಹುಡುಗ್ರನ್ನ ಕೂಡಿಸಿ ಒಂದು ನಾಕೌಟ್ ಕಪ್ ಮಾಡೂಣು ಅಂತ ಮಾತು ಎತ್ತಿದ್ದ ತಡ, ಅವ ಪ್ರಶ್ನೆ ತಿರುಗಿ ತಿರುಗಿ ಬರಾಕತ್ತಾವು. ಒಬ್ಬೊಬ್ರಿಗೆ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗೇತಿ, ಅದಕ್ಕ ಎಲ್ಲಾ ಒಂದ ಕಡಿ ಬರದೀನಿ. ಕಪ್ಪಿಗೆ ಇನ್ನೂ ಹೆಸರಿಟ್ಟಿಲ್ಲ, ತಾರೀಖು ಪಕ್ಕಾ ಆಗಿಲ್ಲ, ರೂಲ್ಸ್ ಮಾತ್ರ ಹೆಚ್ಚುಕಮ್ಮಿ ಗಟ್ಟಿ ಆಗ್ಯಾವು.

ರಗ್ಬಿ ಅಂದ್ರ ಹೆಲ್ಮೆಟ್, ಭುಜಕ್ಕ ಪ್ಯಾಡ್ ಹಾಕ್ಕೊಂಡು ಆಡ್ತಾರಲ್ಲ, ಅದಾ?

ಅಲ್ರಿ. ಅದು ಅಮೆರಿಕನ್ ಫುಟ್‌ಬಾಲ್. ರಗ್ಬಿಯೊಳಗ ಬಾಯಾಗ ಮೌತ್‌ಗಾರ್ಡ್, ಬೇಕಾದವ್ರಿಗೆ ತಲಿಗೆ ಮೆತ್ತನ್ನ ಟೊಪಿಗಿ, ಅಷ್ಟ. ನಾವು ಹೇಳಾಕತ್ತಿದ್ದು ರಗ್ಬಿ ಯೂನಿಯನ್. ಪೂರಾ ಆಟಕ್ಕ ಒಂದು ಕಡಿ 15 ಮಂದಿ, 40 ನಿಮಿಷದ ಎರಡು ಹಾಫ್ (ನಮ್ಮ ಕಪ್ಪಿನ್ಯಾಗ ಈ ವರ್ಷ ಇದಕ್ಕಿಂತ ಸಣ್ಣ ಆಟ, ಕೆಳಗ ಹೇಳೀನಿ). ಬಾಲ್ ಹಿಡ್ಕೊಂಡು ಓಡಬಹುದು, ಒದಿಬಹುದು, ಆದ್ರ ಕೈಲಿಂದ ಮುಂದಕ್ಕ ಎಸಿಯಂಗಿಲ್ಲ, ಪಾಸ್ ಏನಿದ್ರೂ ಅಡ್ಡಕ್ಕ ಇಲ್ಲಾ ಹಿಂದಕ್ಕ. ಎದುರಾಳಿ ಗೆರಿ ದಾಟಿ ಬಾಲನ್ನ ನೆಲಕ್ಕ ಒತ್ತಿದ್ರ ಟ್ರೈ, 5 ಪಾಯಿಂಟ್. ಆಮೇಲಿನ ಕಿಕ್ ಕಂಬದ ನಡುವಿಂದ, ಅಡ್ಡಪಟ್ಟಿ ಮ್ಯಾಲಿಂದ ಹೋದ್ರ ಇನ್ನ 2. ಪೆನಾಲ್ಟಿ ಕಿಕ್ಕಿಗೆ 3, ಆಟ ನಡದಾಗ ಬಾಲ್ ನೆಲಕ್ಕ ಪುಟಿಸಿ ಒದಿಯೂ ಡ್ರಾಪ್ ಗೋಲಿಗೂ 3. ಇಷ್ಟು ತಿಳ್ಕೊಂಡ್ರ ಕಟ್ಟಿ ಮ್ಯಾಲ ಕುಂತು ನೋಡಾಕ ಸಾಕು, ಉಳಿದದ್ದು ಮ್ಯಾಚ್ ನೋಡ್ತಾ ನೋಡ್ತಾ ಬರ್ತೈತಿ.

ನಾಕೌಟ್ ಅಂದ್ರ ಒಂದು ಮ್ಯಾಚ್ ಸೋತ್ರ ಮನಿಗೆ. 20 ನಿಮಿಷ ಆಡಿ ವಾಪಸ್ ಹೋಗಾಕ ರಾಯಚೂರಿಂದ ಗಾಡಿ ಮಾಡ್ಕೊಂಡು ಬರಬೇಕಾ?

ಎಲ್ಲಾ ಪ್ರಶ್ನೆಕಿಂತ ದೊಡ್ಡ ಪ್ರಶ್ನೆ ಇದು. ನಮ್ಮೊಳಗ ಅರ್ಧ ಜಗಳ ಇದರ ಮ್ಯಾಲ ಆಗೇತಿ.

ನಾಕೌಟ್ ಲೆಕ್ಕ ಹೆಂಗಂದ್ರ, ಎಷ್ಟು ಟೀಮ್ ಅದಾವೋ ಅದಕ್ಕಿಂತ ಒಂದು ಕಮ್ಮಿ ಮ್ಯಾಚ್. 8 ಟೀಮ್ ಬಂದ್ರ 7 ಮ್ಯಾಚಿಗೆ ಕಪ್ ಮುಗೀತು. ನಡ್ಸವ್ರಿಗೆ ಬಾಳ ಸಸ್ತಾ. ಆದ್ರ ಆ 8ರಾಗ 4 ಟೀಮ್ ಒಂದ ಒಂದು ಮ್ಯಾಚ್ ಆಡಿ ಬ್ಯಾಗ್ ಕಟ್ಟತಾವು, ಮತ್ತ ಹಂಗ ಸೋಲೂದು ಯಾವಾಗಲೂ ಹೊಸಾ ಟೀಮ. ಸಿಂಧನೂರು ಹುಡುಗ್ರು ನಸುಕಿನ್ಯಾಗ ಎದ್ದು ಟೆಂಪೋ ಹತ್ತಿ ಬಂದು, 40–0 ಸೋತು, ಮಧ್ಯಾನ ಊಟಕ್ಕ ಮದಲ ತಿರುಗಿ ಹೊಂಟ್ರ ಬರೂ ವರ್ಷ ಅವ್ರು ಬರ್ತಾರ ಅಂತ ನಿಮಗ ಅನ್ನಿಸ್ತೈತಾ? ಬರಂಗಿಲ್ಲ. ಎರಡನೇ ವರ್ಷ 8 ಹೋಗಿ 5 ಆಗ್ತಾವು, ಮೂರನೇ ವರ್ಷ ಕಪ್ಪ ಇರಂಗಿಲ್ಲ. ನಮ್ಮ ಕಡಿ ಎಷ್ಟು ಟೆನಿಸ್ ಬಾಲ್ ಟೂರ್ನಮೆಂಟ್ ಹಿಂಗ ಸತ್ತಾವು ನಿಮಗ ಗೊತ್ತೈತಿ.

ಅದಕ್ಕ ಮದಲ ರೌಂಡಿನ್ಯಾಗ ಸೋತವ್ರಿಗೆಲ್ಲಾ ಬ್ಯಾರೆ ನಾಕೌಟ್, ಅದಕ್ಕ ಪ್ಲೇಟ್ ಅಂತಾರ. ಇಂಗ್ಲೆಂಡಿನ ಕೌಂಟಿ ಕಪ್‌ಗಳೊಳಗ ಇದು ಹಳೇ ಪದ್ಧತಿ, ಕಪ್ ಬಿಟ್ರ ಪ್ಲೇಟ್, ಶೀಲ್ಡ್, ಬೌಲ್ ಅಂತ ಇರ್ತಾವು. 8 ಟೀಮಿಗೆ ಪ್ಲೇಟಿಂದು 3 ಮ್ಯಾಚ್ ಹೆಚ್ಚಾಗ್ತಾವು, ಒಟ್ಟು 10. ಯಾವ ಟೀಮ್ ಬಂದ್ರೂ ಎರಡು ಮ್ಯಾಚ್ ಅಂತೂ ಗ್ಯಾರಂಟಿ. ಪ್ಲೇಟ್ ಗೆದ್ದವ್ರಿಗೂ ಅಷ್ಟ ದೊಡ್ಡ ಟ್ರೋಫಿ ಕೊಡಬೇಕು ಅನ್ನೂದು ನನ್ನ ಹಠ. ಕಮಿಟಿಯೊಳಗ ಇನ್ನೂ ಪೂರಾ ಒಪ್ಪಿಲ್ಲ, ಒಪ್ಪಸ್ತೀನಿ.

8 ಟೀಮ್ ಆಗಲಿಲ್ಲ ಅಂದ್ರ?

ಬೈ ಕೊಡ್ತೀವಿ, ಅಂದ್ರ ಮದಲ ರೌಂಡ್ ಆಡದನ ಮುಂದಿನ ರೌಂಡಿಗೆ. 6 ಟೀಮ್ ಇದ್ರ ಎರಡಕ್ಕ ಬೈ, ಅವು ಸೀದಾ ಸೆಮಿಗೆ. 11 ಬಂದ್ರ 5 ಟೀಮಿಗೆ ಬೈ, ಉಳಿದ 6 ಮದಲು ಆಡಿ 3 ಮ್ಯಾಲ ಬರ್ತಾವು, ಅಲ್ಲಿಗೆ 8. ಬೈ ಯಾರಿಗೆ ಅನ್ನೂದನ್ನ ಚೀಟಿ ಎತ್ತಿ ನೋಡ್ತೀವಿ, ಮದಲ ವರ್ಷ ಸೀಡಿಂಗ್ ಅಂತ ಏನೂ ಇಲ್ಲ, ಯಾರು ಬಲಾ ಯಾರು ಬಲಾ ಅಲ್ಲ ಅಂತ ಗೊತ್ತ ಇಲ್ಲದಾಗ ಸೀಡಿಂಗ್ ಮಾಡೂದಂದ್ರ ಗೆಳ್ಯಾರಿಗೆ ದಾರಿ ಮಾಡಿಕೊಟ್ಟಂಗ. 4 ಟೀಮ್ ಅಷ್ಟ ಬಂದ್ರ ನಾಕೌಟ್ ಮಾಡಂಗ ಇಲ್ಲ, ಎಲ್ಲಾರೂ ಎಲ್ಲಾರ ಕೂಡ ಆಡ್ಲಿ, 6 ಮ್ಯಾಚ್.

ನಮ್ಮ ಕಡಿ 15 ಮಂದಿ ಇಲ್ಲ. 11–12 ಹುಡುಗ್ರು ಅದೀವಿ. ಹೆಸರು ಕೊಡಬಹುದಾ?

ಕೊಡ್ರಿ, ಈ ವರ್ಷ ಆಟ 10 ಮಂದೀದು. ಟೆನ್ಸ್ ಅಂತಾರ. ಒಂದು ಕಡಿ 10, ಹಾಫಿಗೆ 10 ನಿಮಿಷ, ಸ್ಕ್ರಮ್ಮಿಗೆ (ಆಟ ನಿಂತಾಗ ಎರಡೂ ಕಡಿಯವ್ರು ಬಗ್ಗಿ ಭುಜ ಕೊಟ್ಟು ಬಾಲಿಗೆ ತಳ್ಳಾಡೂದು) 8ರ ಬದ್ಲಿ 5 ಮಂದಿ. ಸ್ಕ್ವಾಡ್ ಹೆಚ್ಚಂದ್ರ 16.

ಟಿವಿಯೊಳಗ ಒಲಿಂಪಿಕ್ಸಿನ್ಯಾಗ ನೋಡೂ ಸೆವೆನ್ಸ್ ಯಾಕ ಬ್ಯಾಡ ಅಂತ ಬಾಳ ಮಂದಿ ಕೇಳಿದ್ರು. 7 ಮಂದಿ, 7 ನಿಮಿಷದ ಎರಡು ಹಾಫ್, ಹೌದು, ಮಾಡಾಕ ಹಗುರ. ಫಿಜಿ ಅಂಥಾ ಸಣ್ಣ ದೇಶ 2016ರಾಗ ರಿಯೋದಾಗ, ಮತ್ತ ಟೋಕಿಯೋದಾಗ ಚಿನ್ನ ಹೊಡದದ್ದು ಅದರಾಗ. ಆದ್ರ ಸೆವೆನ್ಸ್ ಅಂದ್ರ ಓಡವ್ರ ಆಟ. ದಪ್ಪ ಹುಡುಗ್ರು, ತೂಕ ಇದ್ದವ್ರು, ಕುಸ್ತಿ ಮನಿಯಿಂದ ಬಂದವ್ರು ಬೆಂಚ್ ಮ್ಯಾಲ ಕೂಡ್ತಾರ. ರಗ್ಬಿ ಯೂನಿಯನ್ನಿನ ಚೆಂದ ಏನಂದ್ರ ಗಿಡ್ಡಗ, ಉದ್ದಗ, ದಪ್ಪಗ, ತೆಳ್ಳಗ ಇದ್ದವ್ರಿಗೆಲ್ಲಾ ಒಂದೊಂದು ಜಾಗ ಐತಿ, ಟೆನ್ಸಿನ್ಯಾಗ ಅದು ಸ್ವಲ್ಪರ ಉಳೀತೈತಿ.

ಮತ್ತ 15ರ ಆಟ ಯಾಕ ಈಗ ಬ್ಯಾಡ ಅಂದ್ರ ಮಂದಿ ಕಮ್ಮಿ ಅಂತಲ್ಲ, ಫ್ರಂಟ್ ರೋ ಇಲ್ಲ ಅಂತ. ಸ್ಕ್ರಮ್ಮಿನ್ಯಾಗ ಮುಂದಿನ ಸಾಲಿನ ಮೂವರು, ಎರಡು ಪ್ರಾಪ್ ನಡಕ ಹುಕರ್, ಎದುರಿನ ಮೂವರ ಭುಜಕ್ಕ ತಲಿ ಕೊಟ್ಟು ನಿಲ್ತಾರ, ಹಿಂದಿಂದ ಇನ್ನ ಐದೈದು ಮಂದಿ ತಳ್ಳತಾರ. ಕಲೀದ ಹುಡುಗನ್ನ ಅಲ್ಲಿ ನಿಲ್ಲಿಸಿ, ಸ್ಕ್ರಮ್ ಕುಸಿದ್ರ ಕುತ್ತಿಗಿ ಎಲುಬಿಗೆ ಬರ್ತೈತಿ, ಇದು ಚ್ಯಾಷ್ಟಿ ಅಲ್ಲ. ಜಗತ್ತಿನ ರಗ್ಬಿ ನೋಡ್ಕೊಳ್ಳೂ ಸಂಸ್ಥಾ ವರ್ಲ್ಡ್ ರಗ್ಬಿ, ಅದರ ನಿಯಮದಾಗ ಸ್ಕ್ವಾಡಿನ್ಯಾಗ ಫ್ರಂಟ್ ರೋ ಆಡಾಕ ಬರವ್ರು ಎಷ್ಟು ಮಂದಿ ಇರಬೇಕು ಅಂತ ಲೆಕ್ಕನ ಐತಿ: 15 ಇಲ್ಲಾ ಅದಕ್ಕಿಂತ ಕಮ್ಮಿ ಇದ್ರ 3, 16ರಿಂದ 18 ಇದ್ರ 4, 19ರಿಂದ 22 ಇದ್ರ 5, 23 ಇದ್ರ 6. ಕಲ್ತವ್ರು ಇಲ್ಲಂದ್ರ ತಳ್ಳದ ಸ್ಕ್ರಮ್, ಅಂದ್ರ ಎರಡೂ ಕಡಿ ಕೂಡ್ತಾರ, ಯಾರೂ ನೂಕಂಗಿಲ್ಲ, ಬಾಲ್ ಹಾಕಿದವ್ರಿಗ ಬಾಲ್. ನಾವು ಈ ವರ್ಷ ಎಲ್ಲಾ ಮ್ಯಾಚೂ ಹಂಗ ಆಡಸ್ತೀವಿ. ಇದರ ಮ್ಯಾಲ ಚರ್ಚಾ ಇಲ್ಲ, ದಯವಿಟ್ಟು ಕೇಳಬ್ಯಾಡ್ರಿ.

ಕಬಡ್ಡಿ ಹುಡುಗ್ರನ್ನ ಕರ್ಕೊಂಡು ಬಂದ್ರ ನಡಿತೈತಾ?

ನಡಿತೈತಿ, ಓಡ್ತೈತಿ. ನಮ್ಮ ಕಡಿ ರಗ್ಬಿ ಬೆಳದ್ರ ಕಬಡ್ಡಿ ಹುಡುಗ್ರಿಂದನ ಬೆಳಿಯೂದು. ಆ್ಯಂಕಲ್ ಹೋಲ್ಡ್, ಥೈ ಹೋಲ್ಡ್ ಎರಡೂ ಇಲ್ಲಿ ಸೀದಾ ಉಪಯೋಗಕ್ಕ ಬರ್ತಾವು, ಮೊಣಕಾಲಿನ ಕೆಳಗ ಹಿಡಿದು ಕೆಡವಿದ್ರ ಯಾವ ರೆಫ್ರಿನೂ ಸೀಟಿ ಊದಂಗಿಲ್ಲ. ಆದ್ರ ಮೂರು ಚಟ ಬಿಡಿಸ್ಬೇಕು. ಒಂದನೇದು ಡ್ಯಾಶ್: ಕೈ ಸುತ್ತಿ ಹಿಡೀದ ಬರೇ ಭುಜದಿಂದ ಗುದ್ದಿದ್ರ ಪೆನಾಲ್ಟಿ, ಜೋರಾಗಿದ್ರ ಕಾರ್ಡ್. ಎರಡನೇದು ಕುತ್ತಿಗಿಗೆ ಕೈ ಹಾಕೂದು: ಭುಜದ ಗೆರಿ ಮ್ಯಾಲ ಹಿಡಿಯಂಗ ಇಲ್ಲ. ಮೂರನೇದು ಎಲ್ಲಾಕ್ಕಿಂತ ಕಷ್ಟ: ಹಿಡಕೊಂಡು ಬಿಡದ ಮಲಗೂದು. ಕಬಡ್ಡಿಯೊಳಗ ರೈಡರ್ ಮ್ಯಾಲ ಬಿದ್ದು ಅದುಮಿ ಹಿಡದ್ರ ಪಾಯಿಂಟ್, ರಗ್ಬಿಯೊಳಗ ಕೆಡವಿದ ತಕ್ಷಣ ಬಿಟ್ಟು ಸರೀಬೇಕು, ಬಿದ್ದಾತನೂ ಬಾಲ್ ಬಿಡಬೇಕು. ಸೀಟಿ ಊದೋತನ ಬಿಡೂದಿಲ್ಲ ಅನ್ನೂದು ಕೈಯಾಗ ಕುಂತಿರ್ತೈತಿ ಅವ್ರಿಗೆ. ಪ್ರಾಕ್ಟೀಸಿನ್ಯಾಗ ಒಬ್ಬ ಹುಡುಗ ಕೆಡವಿ, "ಅಣ್ಣಾ, ಹಿಡದೀನಲ್ಲ, ಔಟ್ ಯಾಕ ಕೊಡವಲ್ರಿ?" ಅಂತ ಮಲಗಿದಲ್ಲಿಂದನ ಕೇಳ್ತಾ ಇದ್ದ, ಅಷ್ಟ್ರೊಳಗ ಎದುರಿನವ್ರು ಪೆನಾಲ್ಟಿ ತಗೊಂಡು ಅವನ ಬಾಜೂಕ ಹಾದು ಟ್ರೈ ಹಾಕಿದ್ರು.

ಇಂಗ್ಲೆಂಡಿನ ಹವ್ಯಾಸಿ ಕ್ಲಬ್ಬುಗಳೊಳಗ 2023ರಿಂದ ಟ್ಯಾಕಲ್ (ಹಿಡಿದು ಕೆಡವೂದು) ಎತ್ತರ ಇನ್ನೂ ಕೆಳಗ ಇಳಿಸ್ಯಾರ, ಎದಿ ಎಲುಬಿನ ಕೆಳಗಿನ ತುದಿಗಿಂತ ಮ್ಯಾಲ ಹಿಡಿಯಂಗಿಲ್ಲ. ನಾವೂ ಅದನ್ನ ತಗೊಂಡೀವಿ. ಕಬಡ್ಡಿಯವ್ರಿಗೆ ಅದರಿಂದ ಲಾಭನ, ಅವ್ರು ಹೆಂಗಿದ್ರೂ ಕೆಳಗ ಹೋಗವ್ರು.

ಫಸ್ಟ್ ಪ್ರೈಜ್ ಎಷ್ಟ್ರಿ? ಕ್ಯಾಶ್ ಐತಾ?

ಇಲ್ಲ. ಟ್ರೋಫಿ, ಮೆಡಲ್, ಊಟ, ಅಷ್ಟ.

ಇದಕ್ಕ ಸಿಟ್ಟಾದವ್ರು ಬಾಳ ಮಂದಿ, ಅವ್ರ ಸಿಟ್ಟಿನ್ಯಾಗ ತಪ್ಪಿಲ್ಲ, ಯಾಕಂದ್ರ ಈ ದುಡ್ಡಿನ ಜಗಳಾನ ರಗ್ಬಿಯನ್ನ ಎರಡು ಹೋಳು ಮಾಡಿದ್ದು. ರಗ್ಬಿ ಫುಟ್‌ಬಾಲ್ ಯೂನಿಯನ್ 1871ರಾಗ ಲಂಡನ್ನಿನ್ಯಾಗ ಶುರು ಆತು, ಮಾಡಿದವ್ರು ದೊಡ್ಡ ಶಾಲಿ ಕಲ್ತ ಸಾಹೇಬ್ರು. 1877ರ ಸೀಸನ್ನಿಗೆ ಯಾರ್ಕ್‌ಶೈರಿನ್ಯಾಗ ಒಂದು ನಾಕೌಟ್ ಕಪ್ ಹುಟ್ಟಿತು, ನಾವು ಮಾಡಾಕ ಹೊಂಟಿದ್ದಂಥಾದ್ದ, ಒಂದು ಸೀಮೆಯ ಕ್ಲಬ್ಬುಗಳಿಗೆ. ಜನ ಹುಚ್ಚೆದ್ದು ಬರಾಕತ್ತಿದ್ರು. ಅಲ್ಲಿ ಆಡವ್ರು ಕಲ್ಲಿದ್ದಲು ಗಣಿಯವ್ರು, ಬಟ್ಟಿ ಮಿಲ್ಲಿನವ್ರು. ಗೇಟಿನ್ಯಾಗ ರೊಕ್ಕ ಬರ್ತಿತ್ತು, ಆದ್ರ ಶನಿವಾರ ಪಾಳಿ ಬಿಟ್ಟು ಆಡೂ ಕೂಲಿಕಾರಂದು ಅಂದಿನ ಪಗಾರ ಹೋಗ್ತಿತ್ತು. ನಮಗ ಆಟಕ್ಕ ದುಡ್ಡು ಬ್ಯಾಡ, ತಪ್ಪಿದ ಕೂಲಿ ಅಷ್ಟ ಕೊಡ್ರಿ ಅಂತ ಕೇಳಿದ್ರು. ಸಾಹೇಬ್ರು ಇಲ್ಲ ಅಂದ್ರು. 1895ರ ಆಗಸ್ಟ್ 29ಕ್ಕ ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನ್ಯಾಗ ಉತ್ತರದ ಕ್ಲಬ್ಬುಗಳು ಕೂಡಿ ಬ್ಯಾರೆ ಯೂನಿಯನ್ ಮಾಡ್ಕೊಂಡ್ರು, ತಪ್ಪಿದ ಕೂಲಿಗೆ ದಿನಕ್ಕ ಆರು ಶಿಲ್ಲಿಂಗ್ ಅಂತ ಗೊತ್ತು ಮಾಡಿದ್ರು. 13 ಮಂದಿ ಆಡೂ ರಗ್ಬಿ ಲೀಗ್ ಆದದ್ದು ಅದ.

ಹಳೇ ಯೂನಿಯನ್ನಿನ ಸಾಹೇಬ್ರು ಅದಾದ ಮ್ಯಾಲ ಕಪ್ಪು, ಲೀಗ್ ಅಂದ್ರನ ಹೆದರಾಕತ್ತಿದ್ರು, ಪೈಪೋಟಿ ಹೆಚ್ಚಾದ್ರ ರೊಕ್ಕ ಬರ್ತೈತಿ ಅಂತ. ಇಂಗ್ಲೆಂಡಿನ ಎಲ್ಲಾ ಕ್ಲಬ್ಬುಗಳಿಗೆ ಒಂದು ರಾಷ್ಟ್ರೀಯ ನಾಕೌಟ್ ಕಪ್ ಬರಾಕ 1971–72 ಆತು, ಮದಲನೇದು ಗ್ಲೌಸ್ಟರ್ ಗೆದ್ರು. ರಾಷ್ಟ್ರೀಯ ಲೀಗ್ ಬಂದದ್ದು 1987ಕ್ಕ. ಆಟಗಾರ್ರಿಗೆ ದುಡ್ಡು ಕೊಡಬಹುದು ಅಂತ ಒಪ್ಪಿದ್ದು 1995ರ ಆಗಸ್ಟಿನ್ಯಾಗ. ಬರೋಬ್ಬರಿ ನೂರು ವರ್ಷ ಬೇಕಾತು.

ಇಷ್ಟೆಲ್ಲಾ ಯಾಕ ಹೇಳಿದೆ ಅಂದ್ರ, ಬಳ್ಳಾರಿ ಜೀನ್ಸ್ ಯೂನಿಟ್ಟಿನ್ಯಾಗ ಪೀಸ್ ಲೆಕ್ಕಕ್ಕ ಹೊಲಿಯೂ ಹುಡುಗಂದೂ ಅದ ಕತಿ. ಶನಿವಾರ ಮಷಿನ್ ಬಿಟ್ಟು ಬಂದ್ರ ಅವನಿಗೆ ಅಂದಿನ ದುಡ್ಡಿಲ್ಲ. ಫಸ್ಟ್ ಪ್ರೈಜ್ ಒಂದು ಲಕ್ಷ ಅಂತ ಬೋರ್ಡ್ ಹಾಕೂದು ಸಸಾರ, ಅದು ಒಂದ ಟೀಮಿಗೆ ಹೋಗ್ತೈತಿ, ಅದೂ ಹೊರಗಿಂದ ಪ್ಲೇಯರ್ ತಂದ ಟೀಮಿಗೆ. ಆ ರೊಕ್ಕ ಐತಿ ಅಂದ್ರ ಎಲ್ಲಾ ಟೀಮಿಗೂ ಗಾಡಿ ಬಾಡಿಗಿ, ಉಳಿಯಾಕ ಜಾಗ, ಎರಡು ದಿನದ ಊಟ ಕೊಡಾಕ ಹಾಕ್ತೀವಿ. ಶನಿವಾರದ ಮ್ಯಾಚ್ ಮಧ್ಯಾನ ಮೂರೂವರಿಗೆ ಇಟ್ಟಿದ್ದೂ ಅದಕ್ಕನ, ಅರ್ಧ ದಿನದ ಕೆಲಸ ಆದ್ರೂ ಕೈಗೆ ಸಿಗಲಿ.

ಗೆಸ್ಟ್ ಪ್ಲೇಯರ್ ಆಡಸ್ಬಹುದಾ? ಬೆಂಗಳೂರಾಗ ನಮ್ಮ ಹುಡುಗ್ರು ಅದಾರ.

ಊರಿನ ಹುಡುಗ ಬೆಂಗಳೂರಿಗೋ ಹೈದ್ರಾಬಾದಿಗೋ ಕೆಲಸಕ್ಕ ಹೋಗಿ ಅಲ್ಲಿ ಆಟ ಕಲ್ತಾನ ಅಂದ್ರ ಬರಲಿ, ಅವನಿಂದ ನಾಕು ಮಂದಿ ಕಲೀತಾರ. ಒಂದು ಟೀಮಿಗೆ ಅಂಥವ್ರು ಇಬ್ರು, ಅದಕ್ಕಿಂತ ಹೆಚ್ಚಿಲ್ಲ. ಒಂದು ಟೀಮಿನ ಪರ ಈ ಕಪ್ಪಿನ್ಯಾಗ ಒಂದ ನಿಮಿಷ ಆಡಿದ್ರೂ ಇನ್ನೊಂದು ಟೀಮಿಗೆ ಆಡಂಗಿಲ್ಲ. ಸೆಮಿಯೊಳಗ ಸೋತ ಟೀಮಿನ ಚಲೋ ಪ್ಲೇಯರನ್ನ ಫೈನಲ್ ದಿನ ಎತ್ತಾಕ್ಕೊಂಡು ಬರೂ ಪದ್ಧತಿ ನಮ್ಮ ಕಡಿ ಎಲ್ಲಾ ಆಟದಾಗೂ ಐತಿ, ಇಲ್ಲಿ ಬ್ಯಾಡ.

ಹೊಸಪೇಟಿ ಟೀಮ್ ಬರಬಹುದಾ? ಅದು ಈಗ ಬ್ಯಾರೆ ಜಿಲ್ಲಾ.

2021ರಾಗ ವಿಜಯನಗರ ಜಿಲ್ಲಾ ಆತು, ಕರೆ. ನಮ್ಮ ಲೆಕ್ಕಕ್ಕ ಹೊಸಪೇಟಿ, ಹಡಗಲಿ, ಕೂಡ್ಲಿಗಿ ಎಲ್ಲಾ ನಮ್ಮವ. ಬರ್ರಿ.

ಮ್ಯಾಚ್ ಟೈ ಆದ್ರ ಏನು ಮಾಡ್ತೀರಿ?

ನಾಕೌಟಿನ್ಯಾಗ ಯಾರರ ಒಬ್ರು ಹೋಗ್ಲೇಬೇಕು. ಮದಲು ಟ್ರೈ ಎಣಿಸ್ತೀವಿ, ಯಾರದು ಹೆಚ್ಚೋ ಅವ್ರು ಮುಂದ. ಅದೂ ಸಮ ಇದ್ರ 5 ನಿಮಿಷ ಎಕ್ಸ್‌ಟ್ರಾ, ಮದಲು ಯಾರು ಪಾಯಿಂಟ್ ಹೊಡದ್ರೂ ಅಲ್ಲಿಗೆ ಮುಗೀತು. ಅದೂ ಆಗ್ಲಿಲ್ಲ ಅಂದ್ರ ಚೀಟಿ.

ಚೀಟಿ ಯಾಕ, ಫುಟ್‌ಬಾಲಿನಂಗ ಕಿಕ್ ಹೊಡಸ್ರಿ ಅಂತ ಕೇಳ್ತಾರ. ವರ್ಲ್ಡ್ ಕಪ್ ನಾಕೌಟಿನ ನಿಯಮದಾಗ ಕಡೀಕ ಕಿಕ್ ಐತಿ, ಸುಳ್ಳಲ್ಲ. ಆದ್ರ ಯೂರೋಪಿನ ಕ್ಲಬ್ಬುಗಳ ಹೈನೆಕೆನ್ ಕಪ್ಪಿನ 2009ರ ಸೆಮಿ ನೆನಸ್ಕೋರಿ, ಕಾರ್ಡಿಫ್ ಬ್ಲೂಸ್–ಲೆಸ್ಟರ್ ಎಕ್ಸ್‌ಟ್ರಾ ಟೈಮ್ ಮುಗುದ್ರೂ 26–26. ಕಿಕ್ಕಿಗೆ ಹೋತು. ಸರದಿ ಬಂದು ಬಂದು ಕಾರ್ಡಿಫಿನ ಮಾರ್ಟಿನ್ ವಿಲಿಯಮ್ಸ್ ಅನ್ನೂ ಫ್ಲ್ಯಾಂಕರಿಗೆ (ಸ್ಕ್ರಮ್ಮಿನ ಬಾಜೂಕ ನಿಲ್ಲವ) ಮುಟ್ಟಿತು. ಜೀವನಪೂರ್ತಿ ಟ್ಯಾಕಲ್ ಮಾಡಿದ ಮನಷ್ಯಾ, ಕಂಬಕ್ಕ ಕಿಕ್ ಹೊಡಿಯೂದು ಅವನ ಕೆಲಸ ಅಲ್ಲ. ಆತ ಮಿಸ್ ಮಾಡಿದ, ಲೆಸ್ಟರ್ 7–6ಕ್ಕ ಗೆದ್ದು ಫೈನಲ್ಲಿಗೆ ಹೋದ್ರು. ಅಷ್ಟು ದೊಡ್ಡ ಪ್ಲೇಯರಿಗೆ ಹಂಗಾದ ಮ್ಯಾಲ ನಮ್ಮ ಹುಡುಗ್ರ ಗತಿ ಏನು, ಊರು ತುಂಬ ಅವನ ಹೆಸರ ಹೇಳ್ತಾರ. ಚೀಟಿ ಆದ್ರ ಯಾರ ತಪ್ಪೂ ಇಲ್ಲ.

ಫೈನಲ್ ಟೈ ಆದ್ರ ಮಾತ್ರ ಚೀಟಿ ಇಲ್ಲ, ಎರಡೂ ಟೀಮಿಗೆ ಕಪ್, ಆರಾರು ತಿಂಗಳು ಇಟ್ಗೊಳ್ರಿ. ಇದೇನು ನಾವು ಹೊಸದಾಗಿ ಕಂಡುಹಿಡಿದಿದ್ದಲ್ಲ, ಇಂಗ್ಲೆಂಡಿನ ಆ ರಾಷ್ಟ್ರೀಯ ಕಪ್ಪಿನ 1982ರ ಫೈನಲ್ ಗ್ಲೌಸ್ಟರ್–ಮೋಸ್ಲಿ 12–12 ಆಗಿ ಹಂಗ ಹಂಚ್ಕೊಂಡಿದ್ರು.

ಗ್ರೌಂಡ್ ಯಾವುದು?

ಮದಲ ವರ್ಷ ಬಳ್ಳಾರಿ, ಆಮೇಲೆ ರಾಯಚೂರು, ಆಮೇಲೆ ಕೊಪ್ಪಳ, ಹಂಗ ತಿರಗ್ತೈತಿ. ಅಳತಿ ಪೂರಾ ಬೇಕು: ಗೋಲ್ ಗೆರಿಯಿಂದ ಗೋಲ್ ಗೆರಿಗೆ 94ರಿಂದ 100 ಮೀಟರ್, ಅಗಲ 68ರಿಂದ 70, ಹಿಂದ ಟ್ರೈ ಹಾಕೂ ಜಾಗ ಕನಿಷ್ಠ 6 ಮೀಟರ್. ಕಂಬದ ನಡುವ 5.6 ಮೀಟರ್, ಅಡ್ಡಪಟ್ಟಿ 3 ಮೀಟರ್ ಎತ್ತರಕ್ಕ. ಕಂಬಕ್ಕ ದಪ್ಪನ್ನ ಬಿದಿರು ನಡಿತೈತಿ.

ಜಾಗ ನೋಡಾಕ ಹೋದವ್ರು ನೆಲ ನೋಡ್ರಿ. ಎರಿ ನೆಲದ ಗ್ರೌಂಡ್ ಮಳಿಗಾಲದಾಗ ಬೂಟು ಬಿಡಂಗಿಲ್ಲ, ಬ್ಯಾಸಗ್ಯಾಗ ಬಿರುಕು ಬಿಟ್ಟು ಪಾದ ಸಿಗೂವಷ್ಟು ಸಂದಿ. ಮರಳು ಮಿಶ್ರ ಕೆಂಪು ನೆಲ ಚಲೋ, ಕಲ್ಲು ಆರಿಸ್ಬೇಕು ಅಷ್ಟ. ಕ್ರಿಕೆಟ್ ಗ್ರೌಂಡ್ ಸಿಕ್ರ ಪಿಚ್ ಬಿಟ್ಟು ಗೆರಿ ಹಾಕ್ರಿ, ಸಿಮೆಂಟ್ ಪಿಚ್ ಗ್ರೌಂಡಿನ ನಡಕ ಬರಂಗಿದ್ರ ಆ ಗ್ರೌಂಡ ಬ್ಯಾಡ, ಮ್ಯಾಟ್ ಹಾಸ್ತೀವಿ ಅಂದ್ರೂ ಬ್ಯಾಡ. ಇನ್ನೊಂದು, ಗೆರಿ ಹಾಕಾಕ ಸುಣ್ಣ ತರಬ್ಯಾಡ್ರಿ. ಕಬಡ್ಡಿ, ಕೊಕ್ಕೋಗೆ ಹಾಕ್ತೀವಿ ಅಂತ ಇಲ್ಲೂ ಹಾಕಿದ್ರ, ಇಲ್ಲಿ ಮಕ ಸೀದಾ ಗೆರಿ ಮ್ಯಾಲ ಬೀಳ್ತೈತಿ, ಕಣ್ಣಾಗ ಹೋದ್ರ ಸುಡ್ತೈತಿ. ಚಾಕ್ ಪೌಡರ್ ತರ್ರಿ.

ಕಂಬಕ್ಕ ಸುತ್ತೂ ಪ್ಯಾಡಿಂಗ್ ಬಗ್ಗೆ ಒಂದು ಮಾತು, ಆನ್‌ಲೈನಿನ್ಯಾಗ ರೇಟ್ ನೋಡಿ ಎಲ್ಲಾರೂ ಗಾಬ್ರಿ ಆಗ್ತಾರ. ನಮ್ಮ ಹುಡುಗ್ರು ಜೀನ್ಸ್ ಕಟಿಂಗ್ ಮಾಡಿ ಉಳಿದ ತುಂಡು ಬಟ್ಟಿ ಗೋಣಿಚೀಲಕ್ಕ ಗಿಡದು, ಬಾಯಿ ದಬ್ಬಣದಿಂದ ಹೊಲದು, ಮ್ಯಾಲ ತಾಡಪಾಲ ಸುತ್ಯಾರ. ಮದಲು ಸಡಲ ತುಂಬಿದ್ರು, ಎರಡು ದಿನಕ್ಕ ಎಲ್ಲಾ ತುಂಡು ಕೆಳಗ ಕುಂತು ಮ್ಯಾಲಿನ ಅರ್ಧ ಜೋಲು ಬಿತ್ತು, ಅದಕ್ಕ ಈಗ ಒಂದೊಂದು ಮೊಳಕ್ಕ ಅಡ್ಡ ಹೊಲಿಗಿ ಹಾಕ್ಯಾರ. ಟ್ಯಾಕಲ್ ಬ್ಯಾಗೂ ಅದರಿಂದನ ಮಾಡ್ಯಾರ. ಹೊಸಾ ಡೆನಿಮ್ ನೀಲಿ ಬಣ್ಣ ಬಿಡ್ತೈತಿ, ಪ್ರಾಕ್ಟೀಸ್ ಮುಗಿಸಿ ಮನಿಗೆ ಹೋಗೂವಾಗ ಎಲ್ಲಾರ ಕಪಾಳನೂ ನೀಲಿ.

ಯಾವ ತಿಂಗಳು?

ಫೆಬ್ರವರಿ ಮದಲ ಅರ್ಧದಾಗ ಒಂದು ಶನಿವಾರ, ಭಾನುವಾರ. ಇದನ್ನ ಆರಸಾಕ ಕ್ಯಾಲೆಂಡರ್ ಮುಂದಿಟ್ಕೊಂಡು ಒಂದೊಂದ ಹೊಡ್ಕೋತ ಬಂದ್ವಿ. ನವೆಂಬರ್, ಡಿಸೆಂಬರಿನ್ಯಾಗ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡಿ ಭತ್ತದ ಕಟಾವು, ಹುಡುಗ್ರು ಹೊಲದಾಗ ಇರ್ತಾರ. ಜನವರಿಯೊಳಗ ಸಂಕ್ರಾಂತಿ, ಅದ ಹೊತ್ತಿಗೆ ಕೊಪ್ಪಳ ಗವಿಮಠದ ಜಾತ್ರಿ, ಜಾತ್ರಿ ಇದ್ದಾಗ ಕೊಪ್ಪಳದವ್ರಿಗೆ ಮ್ಯಾಚಿಗೆ ಬರ್ರಿ ಅಂತ ಹೇಳೂದ ತಪ್ಪು. ಮಾರ್ಚಿನ್ಯಾಗ ಪಿಯು ಪರೀಕ್ಷೆ. ಏಪ್ರಿಲ್, ಮೇದಾಗ ರಾಯಚೂರು ಬಿಸಲಾಗ 40 ಡಿಗ್ರಿ ದಾಟಿದ ಮ್ಯಾಲ ರಗ್ಬಿ ಅಲ್ಲ, ಕೇರಂ ಆಡಾಕೂ ಆಗಂಗಿಲ್ಲ.

ಶನಿವಾರ ಮೂರೂವರಿಗೆ ಮದಲ ರೌಂಡಿನ 4 ಮ್ಯಾಚ್. ಭಾನುವಾರ ಮುಂಜಾನೆ ಆರೂವರಿಗೆ ಕಪ್ ಸೆಮಿ ಎರಡು, ಪ್ಲೇಟ್ ಸೆಮಿ ಎರಡು. ಸಂಜಿಗೆ ಎರಡೂ ಫೈನಲ್. ನಡುಮಧ್ಯಾನ ಯಾವ ಮ್ಯಾಚೂ ಇಲ್ಲ, ಚೀಫ್ ಗೆಸ್ಟ್ ಅದ ಹೊತ್ತಿಗೆ ಬರ್ತಾರಂದ್ರೂ ಇಲ್ಲ.

ತಲಿಗೆ ಪೆಟ್ಟು ಬಿದ್ರ?

ಅನುಮಾನ ಬಂದ್ರನ ಹೊರಗ. ಆ ಟೂರ್ನಮೆಂಟ್ ಅವನಿಗೆ ಅಲ್ಲಿಗೆ ಮುಗೀತು, ಫೈನಲ್ ಇದ್ರೂ ಅಷ್ಟ, ಕ್ಯಾಪ್ಟನ್ ಇದ್ರೂ ಅಷ್ಟ. ಎಚ್ಚರ ತಪ್ಪೂದು ಒಂದ ಲಕ್ಷಣ ಅಲ್ಲ, ಬಾಳ ಮಂದಿಗೆ ಎಚ್ಚರ ತಪ್ಪಂಗ ಇಲ್ಲ. ತಲಿ ತಿರುಗೂದು, ವಾಂತಿ, ಕಣ್ಣು ಮಬ್ಬಾಗೂದು, ಸ್ಕೋರ್ ಎಷ್ಟು ಅಂತ ಕೇಳಿದ್ರ ತಡವರಿಸೂದು, ಸುಮ್ಮಸುಮ್ಮನ ಸಿಟ್ಟು, ಇವೆಲ್ಲಾ ನೋಡಬೇಕು. ಬ್ರಿಟನ್ನಿನ ಹವ್ಯಾಸಿ ಆಟಗಾರ್ರಿಗೆ 2023ರಾಗ ಬಂದ ಮಾರ್ಗಸೂಚಿ ಪ್ರಕಾರ ಕಡಿಮಿ ಅಂದ್ರ 21 ದಿನ ಮ್ಯಾಚ್ ಆಡಂಗಿಲ್ಲ, ನಾವೂ ಅದನ್ನ ಹಿಡದೀವಿ. "ಏನೂ ಆಗಿಲ್ರಿ, ಬಿಡ್ರಿ, ಗಂಡಸು ಅದಾನ" ಅಂತ ಮುಖಕ್ಕ ನೀರು ಗೊಜ್ಜಿ ವಾಪಸ್ ಒಳಗ ಕಳಿಸೂ ಮ್ಯಾನೇಜರ್ ಇದ್ರ ಆ ಟೀಮನ್ನ ಕಪ್ಪಿಂದ ತಗೀತೀವಿ. ಮದಲ ಸರ್ತೆಗೆ ತಗೀತೀವಿ, ವಾರ್ನಿಂಗ್ ಇಲ್ಲ.

ಕುತ್ತಿಗಿ ನೋವು, ಕೈಕಾಲು ಜುಮ್ ಅನ್ನೂದು ಅಂದ್ರ ಹುಡುಗನ್ನ ಅಲ್ಲಾಡ್ಸಬ್ಯಾಡ್ರಿ, ನಾಕು ಮಂದಿ ಕೈಕಾಲು ಹಿಡಿದು ಎತ್ತಾಕ ಓಡಿ ಬರಬ್ಯಾಡ್ರಿ. ಗ್ರೌಂಡಿನ್ಯಾಗ ಡಾಕ್ಟ್ರು, ಗಾಡಿ ಎರಡೂ ಇರ್ತಾವು, ಇಲ್ಲಂದ್ರ ಕಿಕ್‌ಆಫ್ ಇಲ್ಲ. ಪ್ರಾಕ್ಟೀಸಿನ್ಯಾಗ ಆದ್ರ 108.

ರೆಫ್ರಿ ಕೂಡ ಮಾತಾಡಬಹುದಾ?

ಕ್ಯಾಪ್ಟನ್ ಮಾತ್ರ, ಅದೂ ಮರ್ಯಾದಿಯಿಂದ. ರೆಫ್ರಿಗಳನ್ನ ಹೊರಗಿಂದ ಕರಸ್ತೀವಿ, ಯಾವ ಟೀಮಿಗೂ ಸಂಬಂಧ ಇಲ್ಲದವ್ರು. ಗೊಣಗಿದ್ರ ಪೆನಾಲ್ಟಿ 10 ಮೀಟರ್ ಮುಂದ ಹೋಗ್ತೈತಿ. ಹೊರಗಿಂದ ಬೈಯೂ ಪಬ್ಲಿಕ್ಕಿಗೆ ಏನು ಮಾಡೂದು ಅಂತ ಇನ್ನೂ ಯಾರಿಗೂ ಹೊಳದಿಲ್ಲ.

ಹುಡುಗೀರಿಗೆ ಐತಾ?

ಐತಿ, ಬ್ಯಾರೆ ಕಪ್. ಸಂಖ್ಯೆ ಕಮ್ಮಿ ಇರೂದಕ್ಕ ಅವ್ರದು ಸೆವೆನ್ಸ್, ಮತ್ತ ನಾಕೌಟ್ ಅಲ್ಲ, ಎಲ್ಲಾರೂ ಎಲ್ಲಾರ ಕೂಡ. ಭುವನೇಶ್ವರದ ಕಡಿ ಹಳ್ಳಿಯಿಂದ ಬಂದ ಹುಡುಗೀರು ರಗ್ಬಿ ಆಡಿ ಇಂಡಿಯಾ ಟೀಮಿನ ತನಕ ಹೋಗ್ಯಾರ, ನಮ್ಮ ಹುಡುಗೀರಿಗೇನು ಕಮ್ಮಿ. ಮನಿಯವ್ರು ಹೆದರ್ತಾರಂದ್ರ ಪ್ರಾಕ್ಟೀಸ್ ನೋಡಾಕ ಕರ್ಕೊಂಡು ಬರ್ರಿ, ಅವ್ವಂದಿರು ಬಂದು ಕುಂತ್ರ ನಮಗೂ ಚಲೋ.

ವಯಸ್ಸು?

18 ತುಂಬಿರಬೇಕು. 17 ವರ್ಷ 11 ತಿಂಗಳು ಅಂತ ಫೋನ್ ಮಾಡಬ್ಯಾಡ್ರಿ. ಮ್ಯಾಲ ಮಿತಿ ಇಲ್ಲ.

ಇಂಡಿಯಾದಾಗ ರಗ್ಬಿ ಐತಾ? ಅಂದ್ರ ಇದರಾಗ ಭವಿಷ್ಯ?

ಆಟ ಹೊಸದಲ್ಲ. ಕೋಲ್ಕತ್ತಾದಾಗ 1872ರ ಕ್ರಿಸ್‌ಮಸ್ ದಿನಾನ ಇಂಗ್ಲೀಷ್ರು ಆಡ್ಯಾರ. ದೇಶದ ಮಟ್ಟದಾಗ ನೋಡ್ಕೊಳ್ಳೂದು ಇಂಡಿಯನ್ ರಗ್ಬಿ ಫುಟ್‌ಬಾಲ್ ಯೂನಿಯನ್. 2025ರ ಜೂನಿನ್ಯಾಗ ಮುಂಬೈದಾಗ ರಗ್ಬಿ ಪ್ರೀಮಿಯರ್ ಲೀಗ್ ಅಂತ ಸೆವೆನ್ಸ್ ಲೀಗ್ ಶುರು ಆತು, ಆರು ಟೀಮ್, ಅದರಾಗ ಬೆಂಗಳೂರಿಂದೂ ಒಂದು, ಮದಲ ಸರ್ತೆ ಚೆನ್ನೈ ಗೆದ್ರು. ನೌಕರಿ ಸಿಗ್ತೈತಾ ಅಂತ ಕೇಳಿದ್ರ ನಾನು ಹೂಂ ಅನ್ನಂಗಿಲ್ಲ. ಸ್ಪೋರ್ಟ್ಸ್ ಕೋಟಾ ಆಸೆ ತೋರಿಸಿ ಹುಡುಗ್ರನ್ನ ಕೂಡ್ಸೂದು ನನಗ ಸೇರಂಗಿಲ್ಲ. ಆಡಾಕ ಮನಸಿದ್ರ ಬರ್ರಿ.

ಟ್ರೋಫಿ ಹೆಂಗಿರ್ತೈತಿ?

ಅಂಗಡ್ಯಾಗಿನ ಪ್ಲಾಸ್ಟಿಕ್ ಗೋಲ್ಡ್ ಬ್ಯಾಡ ಅನ್ನೂದಷ್ಟ ನಿರ್ಧಾರ ಆಗೇತಿ. ಇಂಗ್ಲೆಂಡು, ಸ್ಕಾಟ್ಲೆಂಡು ಪ್ರತಿ ವರ್ಷ ಆಡೂದು ಕಲ್ಕತ್ತಾ ಕಪ್ಪಿಗೆ, ಆ ಕಪ್ ಹುಟ್ಟಿದ್ದೂ ನಮ್ಮ ರೂಪಾಯಿಯಿಂದ. ಕಲ್ಕತ್ತಾ ಕ್ಲಬ್ಬಿನ್ಯಾಗ ಆಡವ್ರು ಕಮ್ಮಿ ಆಗಿ ಕ್ಲಬ್ ಮುಚ್ಚೂ ಹೊತ್ತಿಗೆ ಬ್ಯಾಂಕಿನ್ಯಾಗ ಉಳಿದ ಬೆಳ್ಳಿ ರೂಪಾಯಿ ತಗದು, ಕರಗಿಸಿ, ಕಪ್ ಮಾಡಿಸಿ 1878ರಾಗ ಲಂಡನ್ನಿಗೆ ಕೊಟ್ರು. ಹಿಡಿ ಮೂರು ನಾಗರಹಾವು, ಮುಚ್ಚಳದ ಮ್ಯಾಲ ಆನಿ. 1879ರಿಂದ ಅದಕ್ಕ ಆಡಾಕತ್ಯಾರ. ನಮ್ಮ ಬಜೆಟ್ಟಿಗೆ ಬೆಳ್ಳಿ ಇಲ್ಲ, ಕಿನ್ನಾಳದ ಕಟಗಿ ಕೆಲಸದವ್ರನ್ನ ಕೇಳೂಣು ಅಂತ ಒಂದು ಮಾತು ಬಂದೈತಿ, ಕಪ್ಪಿಗೊಂದು ಪ್ಲೇಟಿಗೊಂದು, ಎರಡೂ ಒಂದ ಅಳತಿ.

ಬೂಟು ಯಾವುದು?

ಫುಟ್‌ಬಾಲ್ ಸ್ಟಡ್ ನಡಿತೈತಿ, ಉದ್ದ 21 ಮಿಲಿಮೀಟರ್ ದಾಟಬಾರ್ದು, ತುದಿ ಚೂಪಿರಬಾರ್ದು. ಓಟದ ಸ್ಪೈಕ್, ಕ್ರಿಕೆಟ್ ಸ್ಪೈಕ್ ಬ್ಯಾಡ. ಉಂಗುರ, ಕಡಗ, ಕೊರಳಾಗಿನ ಸರ ಎಲ್ಲಾ ತಗದು ಬರಬೇಕು. ಉಡದಾರ ಬಿಚ್ಚಬೇಕಾ ಅಂತ ಕೇಳ್ಯಾರ. ದಾರ ಇದ್ರ ಇರಲಿ, ಬೆಳ್ಳೀದು ಬಿಚ್ಚರಿ.

ಹೆಸರು ಕೊಡೂದು ಹೆಂಗ, ಫೀ ಎಷ್ಟು?

ಫೀ ಇಲ್ಲ. ಡಿಪಾಸಿಟ್ ಐತಿ, ಎರಡೂ ದಿನ ಪೂರಾ ಇದ್ದು ಪ್ಲೇಟ್ ಮ್ಯಾಚೂ ಆಡಿ ಹೋದ್ರ ವಾಪಸ್ ಕೊಡ್ತೀವಿ, ಸೋತು ಸಿಟ್ಟಿನ್ಯಾಗ ಶನಿವಾರ ರಾತ್ರಿನ ಗಾಡಿ ಹತ್ತಿದ್ರ ಕೊಡಂಗಿಲ್ಲ. ಟೀಮಿನ ಹೆಸರು, 16ರ ಒಳಗ ಪ್ಲೇಯರ್ ಲಿಸ್ಟ್, ಪ್ರತಿಯೊಬ್ಬಂದು ರಕ್ತದ ಗುಂಪು, ಮನಿಯವ್ರ ನಂಬರ್, ಎಂಬಿಬಿಎಸ್ ಡಾಕ್ಟ್ರ ಸಹಿ ಇರೂ ಫಿಟ್‌ನೆಸ್ ಚೀಟಿ, ವಯಸ್ಸಿಗೆ ಆಧಾರ್ ಜೆರಾಕ್ಸ್. ಲಿಸ್ಟಿನ್ಯಾಗ ಹೆಸರು ನೀಟಾಗಿ ಬರೀರಿ, ಮಂಜ, ಬಸ್ಸ್ಯಾ, ಚಿನ್ನಿ ಅಂತ ಕಳಿಸಿದ್ರ ಆಧಾರ್ ಕೂಡ ತಾಳೆ ಹಾಕಾಕ ಆಗಂಗಿಲ್ಲ.